ಇಂಗ್ಲಿಷಿನಲ್ಲಿ ಮಹಿಳೆಯರ ಗೌರವ ಸಂಬೋಧನೆ

ಇಂಗ್ಲಿಷಿನಲ್ಲಿ ಮಹಿಳೆಯರ ಗೌರವ ಸಂಬೋಧನೆ ಎಂದರೆ ದಿನನಿತ್ಯದ ಮಾತಿನಲ್ಲಿ, ಪತ್ರವ್ಯವಹಾರದಲ್ಲಿ ಮತ್ತು ಸಭೆ ಸಮಾರಂಭಗಳಲ್ಲಿ ಮಹಿಳೆಯರನ್ನು ಮರ್ಯಾದೆಯಿಂದ ಕರೆಯಲು ಇಂಗ್ಲಿಷ್ ಭಾಷೆಯಲ್ಲಿ ಬಳಕೆಯಲ್ಲಿರುವ ಪದಗಳ ಮತ್ತು ರೂಢಿಗಳ ಸಮುದಾಯ. ಮೇಡಂ, ಮ್ಯಾಮ್, ಮಿಸ್, ಮಿಸೆಸ್, ಮಿಜ್, ಲೇಡಿ ಮೊದಲಾದವು ಇವುಗಳಲ್ಲಿ ಮುಖ್ಯವಾದವು. ಇವುಗಳಲ್ಲಿ ಕೆಲವು ಹೆಸರಿಲ್ಲದೆ ಒಂಟಿಯಾಗಿ ಬರುತ್ತವೆ. ಕೆಲವು ಹೆಸರಿನೊಡನೆ ಮಾತ್ರ ಬರುತ್ತವೆ. ಕೆಲವು ವಿವಾಹಿತೆ, ಅವಿವಾಹಿತೆ ಎಂಬ ಭೇದವನ್ನು ಸೂಚಿಸಿದರೆ ಕೆಲವು ಆ ಭೇದವನ್ನು ಬೇಕೆಂದೇ ಬಿಟ್ಟಿವೆ.

ಕರ್ನಾಟಕದಲ್ಲಿ, ಅದರಲ್ಲಿಯೂ ಬ್ರಿಟಿಷರ ನೇರ ಆಳ್ವಿಕೆ, ಕಾಫಿ ತೋಟಗಳು, ಕಾನ್ವೆಂಟ್ ಶಾಲೆಗಳು ಮತ್ತು ಸೈನ್ಯದ ಸಂಪರ್ಕದಿಂದ ಇಂಗ್ಲಿಷ್ ಬೇಗನೆ ಮನೆಮಾತಿನೊಳಗೆ ಸೇರಿದ ಕೊಡಗು ಜಿಲ್ಲೆಯಲ್ಲಿ, ಈ ಪದಗಳು ಸ್ಥಳೀಯ ಬಂಧುವಾಚಕಗಳೊಡನೆ ಬೆರೆತು ತಮ್ಮದೇ ಆದ ಅರ್ಥವನ್ನು ಪಡೆದಿವೆ. ಆದ್ದರಿಂದ ಇಲ್ಲಿ ಸಹಜವೆನಿಸುವ ಬಳಕೆ ಇಂಗ್ಲೆಂಡ್ ಅಥವಾ ಅಮೆರಿಕದಲ್ಲಿ ಅಸಹಜವೆನಿಸಬಹುದು. ಅಲ್ಲಿನ ಬಳಕೆ ಇಲ್ಲಿ ಒರಟೆನಿಸಬಹುದು.

== ಹಿನ್ನೆಲೆ ==

ಕನ್ನಡದಲ್ಲಿ ಗೌರವವನ್ನು ತೋರಿಸುವ ಮುಖ್ಯ ಸಾಧನ ವ್ಯಾಕರಣವೇ ಆಗಿದೆ. ‘ನೀನು’ ಎಂಬುದರ ಬದಲಿಗೆ ‘ನೀವು’, ‘ಬಾ’ ಎಂಬುದರ ಬದಲಿಗೆ ‘ಬನ್ನಿ’, ‘ಅವಳು’ ಎಂಬುದರ ಬದಲಿಗೆ ‘ಅವರು’ ಎಂದು ಬಹುವಚನವನ್ನು ಬಳಸಿದೊಡನೆ ಮಾತಿಗೆ ಮರ್ಯಾದೆ ಬರುತ್ತದೆ. ಅದರೊಡನೆ ಅಮ್ಮ, ಅಕ್ಕ, ತಾಯಿ ಎಂಬ ಬಂಧುವಾಚಕಗಳು ಸೇರುತ್ತವೆ.

ಇಂದಿನ ಇಂಗ್ಲಿಷಿನಲ್ಲಿ ಈ ಅನುಕೂಲವಿಲ್ಲ. ಹಿಂದೆ ಆ ಭಾಷೆಯಲ್ಲಿಯೂ ಏಕವಚನಕ್ಕೆ ‘ದೌ’, ಬಹುವಚನಕ್ಕೆ ಮತ್ತು ಗೌರವಕ್ಕೆ ‘ಯೂ’ ಎಂಬ ಎರಡು ರೂಪಗಳಿದ್ದವು. ಕಾಲಕ್ರಮದಲ್ಲಿ ಗೌರವರೂಪವಾದ ‘ಯೂ’ ಎಲ್ಲರಿಗೂ ಸಲ್ಲುವಂತಾಗಿ ‘ದೌ’ ಪ್ರಾರ್ಥನೆ, ಕಾವ್ಯ ಮತ್ತು ಕೆಲವು ಪ್ರಾದೇಶಿಕ ಉಪಭಾಷೆಗಳಲ್ಲಿ ಮಾತ್ರ ಉಳಿಯಿತು. ಮಗುವಿಗೂ ಮಹಾರಾಣಿಗೂ ಒಂದೇ ಸರ್ವನಾಮವಾದ ಮೇಲೆ, ಗೌರವವನ್ನು ಸೂಚಿಸುವ ಹೊಣೆ ಹೆಸರಿನ ಹಿಂದೆ ಬರುವ ಉಪಾಧಿಗಳ ಮೇಲೆ ಮತ್ತು ‘ಪ್ಲೀಸ್’, ‘ಕುಡ್ ಯೂ’, ‘ಎಕ್ಸ್‌ಕ್ಯೂಸ್ ಮಿ’ ಎಂಬಂತಹ ವಿನಯದ ಪದಗಳ ಮೇಲೆ ಬಿದ್ದಿತು. ಕನ್ನಡ ಮಾತೃಭಾಷೆಯವರು ಇಂಗ್ಲಿಷ್ ಆಡುವಾಗ ಮಾತುಮಾತಿಗೂ ‘ಮೇಡಂ’ ಸೇರಿಸುವುದಕ್ಕೆ ಇದೂ ಒಂದು ಕಾರಣ. ‘ಯೂ’ ಎಂಬುದು ಅವರ ಕಿವಿಗೆ ‘ನೀನು’ ಎಂದೇ ಕೇಳಿಸುವುದರಿಂದ, ಆ ಕೊರತೆಯನ್ನು ತುಂಬಲು ಇನ್ನೊಂದು ಪದ ಬೇಕೆನಿಸುತ್ತದೆ.

== ಪದಗಳ ಮೂಲ ==

=== ಮೇಡಂ ಮತ್ತು ಮ್ಯಾಮ್ ===

‘ಮೇಡಂ’ ಹಳೆಯ ಫ್ರೆಂಚ್ ಭಾಷೆಯ ‘ಮಾ ದಾಮ್’ ಎಂಬುದರಿಂದ ಬಂದದ್ದು. ‘ನನ್ನ ಒಡತಿ’ ಎಂದು ಅದರ ಅರ್ಥ. ‘ದಾಮ್’ ಎಂಬುದರ ಮೂಲ ಲ್ಯಾಟಿನ್ನಿನ ‘ದೋಮಿನಾ’, ಅಂದರೆ ಮನೆಯೊಡತಿ. ‘ಮ್ಯಾಮ್’ ಎಂಬುದು ‘ಮೇಡಂ’ ಪದದ ನಡುವಿನ ಅಕ್ಷರ ಸವೆದು ಉಂಟಾದ ರೂಪ. ಎರಡೂ ಪುರುಷರಿಗೆ ಬಳಸುವ ‘ಸರ್’ ಎಂಬುದಕ್ಕೆ ಸಂವಾದಿಯಾಗಿವೆ. ಇವುಗಳ ಮುಂದೆ ವ್ಯಕ್ತಿಯ ಹೆಸರು ಬರುವುದಿಲ್ಲ. ‘ಮೇಡಂ ಪ್ರೆಸಿಡೆಂಟ್’, ‘ಮೇಡಂ ಸ್ಪೀಕರ್’ ಎಂಬಂತೆ ಹುದ್ದೆಯ ಹೆಸರು ಮಾತ್ರ ಬರಬಹುದು.

=== ಮಿಸೆಸ್ ಮತ್ತು ಮಿಸ್ ===

‘ಮಿಸೆಸ್’ ಮತ್ತು ‘ಮಿಸ್’ ಎರಡೂ ‘ಮಿಸ್ಟ್ರೆಸ್’ ಎಂಬ ಒಂದೇ ಪದದ ಸಂಕ್ಷೇಪಗಳು. ‘ಮಿಸ್ಟ್ರೆಸ್’ ಎಂಬುದು ‘ಮಾಸ್ಟರ್’ ಪದದ ಸ್ತ್ರೀರೂಪ. ಆಳುಕಾಳುಗಳ ಮೇಲೆ ಅಧಿಕಾರವುಳ್ಳ ಯಜಮಾನಿ ಎಂಬುದು ಅದರ ಮೊದಲ ಅರ್ಥ. 18ನೆಯ ಶತಮಾನದವರೆಗೂ ‘ಮಿಸೆಸ್’ ಎಂಬುದು ವಿವಾಹದ ಗುರುತಾಗಿರಲಿಲ್ಲ, ಸಾಮಾಜಿಕ ಸ್ಥಾನಮಾನದ ಗುರುತಾಗಿತ್ತು. ಸ್ವಂತ ವ್ಯಾಪಾರ ನಡೆಸುತ್ತಿದ್ದ ಅವಿವಾಹಿತ ಮಹಿಳೆಯೂ ‘ಮಿಸೆಸ್’ ಎನಿಸಿಕೊಳ್ಳುತ್ತಿದ್ದಳು. ಇಂಗ್ಲೆಂಡಿನ ದೊಡ್ಡ ಮನೆಗಳಲ್ಲಿ ಮೇಲ್ವಿಚಾರಕಿಯನ್ನೂ ಅಡುಗೆಯವಳನ್ನೂ ಮದುವೆಯಾಗಿರಲಿ, ಆಗದಿರಲಿ, ‘ಮಿಸೆಸ್’ ಎಂದೇ ಕರೆಯುವ ವಾಡಿಕೆ 20ನೆಯ ಶತಮಾನದವರೆಗೂ ಉಳಿದುಬಂದಿತು.

‘ಮಿಸ್’ ಮೊದಲಿಗೆ ಎಳೆಯ ಹುಡುಗಿಯರಿಗೆ ಸಲ್ಲುತ್ತಿತ್ತು. 18ನೆಯ ಶತಮಾನದಲ್ಲಿ ಅದು ಪ್ರಾಯಕ್ಕೆ ಬಂದ ಅವಿವಾಹಿತ ಕುಲೀನ ಸ್ತ್ರೀಯರಿಗೂ ವ್ಯಾಪಿಸಿತು. ಆಗ ಅದಕ್ಕೆ ಎದುರಾಗಿ ‘ಮಿಸೆಸ್’ ಎಂಬುದು ಕ್ರಮೇಣ ವಿವಾಹಿತೆ ಎಂಬ ಅರ್ಥಕ್ಕೆ ಸೀಮಿತವಾಯಿತು. ಜೇನ್ ಆಸ್ಟಿನ್ ಅವರ 1813ರ ‘ಪ್ರೈಡ್ ಅಂಡ್ ಪ್ರೆಜುಡಿಸ್’ ಕಾದಂಬರಿಯಲ್ಲಿ ಹಿರಿಯ ಮಗಳು ಜೇನ್ ಬರಿದೆ ‘ಮಿಸ್ ಬೆನೆಟ್’ ಎನಿಸಿಕೊಂಡರೆ, ತಂಗಿಯರು ‘ಮಿಸ್ ಎಲಿಜಬೆತ್’ ಎಂಬಂತೆ ಮೊದಲ ಹೆಸರಿನೊಡನೆ ಕರೆಯಲ್ಪಡುತ್ತಾರೆ. ಮನೆತನದ ಹೆಸರಿನೊಡನೆ ಒಂಟಿಯಾಗಿ ‘ಮಿಸ್’ ಬರುವುದು ಹಿರಿಯ ಮಗಳ ಹಕ್ಕಾಗಿತ್ತು. ಇಂಗ್ಲಿಷ್ ಸಾಹಿತ್ಯದ ವಿದ್ಯಾರ್ಥಿಗಳಿಗೆ ಈ ಸೂಕ್ಷ್ಮ ತಿಳಿದಿದ್ದರೆ ಆ ಕಾಲದ ಕಾದಂಬರಿಗಳಲ್ಲಿ ಯಾರ ಮಾತು ಯಾರಿಗೆ ಎಂಬ ಗೊಂದಲ ಉಂಟಾಗುವುದಿಲ್ಲ.

=== ಮಿಜ್ ===

ಪುರುಷನಿಗೆ ಸಲ್ಲುವ ‘ಮಿಸ್ಟರ್’ ಆತನ ಮದುವೆಯ ವಿಚಾರವನ್ನು ಹೊರಗೆಡಹುವುದಿಲ್ಲ. ಮಹಿಳೆಯರಿಗೂ ಅಂತಹ ಒಂದು ಪದ ಬೇಕೆಂಬ ಸಲಹೆ 1901ರ ನವೆಂಬರ್‌ನಲ್ಲಿ ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದ ಸ್ಪ್ರಿಂಗ್‌ಫೀಲ್ಡ್ ನಗರದ ಪತ್ರಿಕೆಯೊಂದರಲ್ಲಿ ಪ್ರಕಟವಾಯಿತು. ಎದುರಿನ ಮಹಿಳೆ ವಿವಾಹಿತೆಯೋ ಅಲ್ಲವೋ ತಿಳಿಯದಿದ್ದಾಗ ಆಗುವ ಮುಜುಗರವನ್ನು ತಪ್ಪಿಸಲು ಎಂ ಮತ್ತು ಎಸ್ ಎಂಬ ಎರಡೇ ಅಕ್ಷರಗಳ ಸಂಕ್ಷೇಪವನ್ನು ಅದು ಮುಂದಿಟ್ಟಿತು. 1961ರಿಂದ ಶೀಲಾ ಮೈಕೇಲ್ಸ್ ಎಂಬ ಹೋರಾಟಗಾರ್ತಿ ಈ ಪದದ ಪ್ರಚಾರಕ್ಕೆ ತೊಡಗಿದರು. ಗ್ಲೋರಿಯಾ ಸ್ಟೈನಮ್ ಮತ್ತು ಸಂಗಡಿಗರ ಪತ್ರಿಕೆ ಇದೇ ಹೆಸರಿನಿಂದ 1972ರಲ್ಲಿ ಸ್ವತಂತ್ರವಾಗಿ ಹೊರಬಂದಾಗ ಪದ ಮನೆಮಾತಾಯಿತು. ಅದೇ ವರ್ಷ ಅಮೆರಿಕದ ಸರ್ಕಾರಿ ಮುದ್ರಣ ಕಚೇರಿ ಇದನ್ನು ಅಂಗೀಕರಿಸಿತು.

ಪತ್ರಿಕಾರಂಗದಲ್ಲಿ ಒಪ್ಪಿಗೆ ತಡವಾಗಿ ಬಂದಿತು. 1984ರಲ್ಲಿ ಜೆರಾಲ್ಡಿನ್ ಫೆರಾರೊ ಅಮೆರಿಕದ ಉಪಾಧ್ಯಕ್ಷ ಪದವಿಗೆ ಸ್ಪರ್ಧಿಸಿದಾಗ ಹಳೆಯ ಪದ್ಧತಿಯ ತೊಡಕು ಎದ್ದು ಕಂಡಿತು. ಫೆರಾರೊ ಎಂಬುದು ಅವರ ತವರಿನ ಹೆಸರು. ಪತಿಯ ಹೆಸರು ಜಕಾರೊ. ವಿವಾಹಿತೆಯಾದ್ದರಿಂದ ಅವರು ‘ಮಿಸ್ ಫೆರಾರೊ’ ಅಲ್ಲ. ಫೆರಾರೊ ಎಂಬವರ ಪತ್ನಿಯಲ್ಲವಾದ್ದರಿಂದ ‘ಮಿಸೆಸ್ ಫೆರಾರೊ’ ಕೂಡ ಅಲ್ಲ. ‘ನ್ಯೂಯಾರ್ಕ್ ಟೈಮ್ಸ್’ ಪತ್ರಿಕೆ 1986ರಲ್ಲಿ ಮಿಜ್ ಬಳಕೆಗೆ ಒಪ್ಪಿತು.

ಉಚ್ಚಾರಣೆಯಲ್ಲಿ ಕನ್ನಡಿಗರು ಗಮನಿಸಬೇಕಾದ ಅಂಶವೆಂದರೆ, ಈ ಪದದ ಕೊನೆಯ ಧ್ವನಿ ‘ಜ಼’ಕಾರ, ‘ಸ’ಕಾರವಲ್ಲ. ಇದನ್ನು ‘ಮಿಸ್’ ಎಂದು ಓದಿದರೆ ಯಾವ ಭೇದವನ್ನು ಅಳಿಸಲು ಪದ ಹುಟ್ಟಿತೋ ಅದೇ ಭೇದ ಮತ್ತೆ ಒಳಬರುತ್ತದೆ.

=== ಲೇಡಿ ===

‘ಲೇಡಿ’ ಎಂಬುದು ಅಚ್ಚ ಇಂಗ್ಲಿಷ್ ಮೂಲದ ಪದ. ರೊಟ್ಟಿಯ ಹಿಟ್ಟನ್ನು ನಾದುವವಳು ಎಂಬ ಅರ್ಥದ ಹಳೆಯ ಇಂಗ್ಲಿಷ್ ಸಮಾಸದಿಂದ ಅದು ಬಂದಿದೆ. ರೊಟ್ಟಿಯನ್ನು ಕಾಯುವವನು ಎಂಬುದರಿಂದ ‘ಲಾರ್ಡ್’ ಬಂದಿದೆ. ಈಗ ಬ್ರಿಟನ್ನಿನಲ್ಲಿ ಅದೊಂದು ಬಿರುದು. ಸಭೆಯಲ್ಲಿ ‘ಲೇಡೀಸ್ ಅಂಡ್ ಜೆಂಟಲ್‌ಮನ್’ ಎಂಬುದು ಗೌರವದ ಸಂಬೋಧನೆಯೇ. ಆದರೆ ಎದುರಿಗಿರುವ ಒಬ್ಬ ಮಹಿಳೆಯನ್ನು ‘ಲೇಡಿ’ ಎಂದು ಏಕವಚನದಲ್ಲಿ ಕರೆಯುವುದು ಒರಟು. ‘ವುಮನ್’ ಎಂದು ಕರೆಯುವುದು ಅದಕ್ಕಿಂತಲೂ ಒರಟು.

== ಪತಿಯ ಹೆಸರಿನೊಡನೆ ‘ಮಿಸೆಸ್’ ==

ಬ್ರಿಟಿಷ್ ಮತ್ತು ಅಮೆರಿಕನ್ ಶಿಷ್ಟಾಚಾರದ ಹಳೆಯ ನಿಯಮದಂತೆ ‘ಮಿಸೆಸ್’ ಎಂಬುದರ ಮುಂದೆ ಮಹಿಳೆಯ ಸ್ವಂತ ಹೆಸರು ಬರುವಂತಿರಲಿಲ್ಲ. ಜಾನ್ ಬ್ರೌನ್ ಎಂಬವನ ಪತ್ನಿ ಮೇರಿಯನ್ನು ‘ಮಿಸೆಸ್ ಜಾನ್ ಬ್ರೌನ್’ ಎಂದೇ ಲಕೋಟೆಯ ಮೇಲೆ ಬರೆಯಬೇಕಿತ್ತು. ಪತಿ ತೀರಿಕೊಂಡ ಮೇಲೂ ಆಕೆ ಅದೇ ಹೆಸರಿನಲ್ಲಿ ಮುಂದುವರಿಯುತ್ತಿದ್ದಳು.

ಈ ರೂಢಿ ಕನ್ನಡ ಸಾಹಿತ್ಯಕ್ಕೂ ಕಾಲಿಟ್ಟಿತು ಎಂಬುದಕ್ಕೆ ಕೊಡಗಿನಲ್ಲಿಯೇ ಪ್ರಸಿದ್ಧ ನಿದರ್ಶನವಿದೆ. ಕನ್ನಡದ ಆರಂಭಕಾಲದ ಕಥೆಗಾರ್ತಿಯರಲ್ಲಿ ಪ್ರಮುಖರಾದ ಗೌರಮ್ಮ 1912ರಲ್ಲಿ ಮಡಿಕೇರಿಯಲ್ಲಿ ಜನಿಸಿದರು. ಸುಂಟಿಕೊಪ್ಪ ಭಾಗದ ಬಿ.ಟಿ. ಗೋಪಾಲಕೃಷ್ಣ ಅವರನ್ನು ವಿವಾಹವಾದ ಬಳಿಕ ಅವರ ಕಥೆಗಳು ‘ಮಿಸೆಸ್ ಬಿ.ಟಿ.ಜಿ. ಕೃಷ್ಣ’ ಎಂಬ ಹೆಸರಿನಲ್ಲಿ ಪ್ರಕಟವಾದವು. ವಿಧವೆಯರ ಬಾಳು, ಮದುವೆಯ ಕಟ್ಟುಪಾಡುಗಳು, ಹೆಣ್ಣಿನ ಸ್ವಂತ ಮನಸ್ಸು ಇವೇ ಅವರ ಕಥೆಗಳ ವಸ್ತು. 1934ರಲ್ಲಿ ಗಾಂಧೀಜಿ ಕೊಡಗಿಗೆ ಬಂದಾಗ ತಮ್ಮ ಒಡವೆಗಳನ್ನು ಹರಿಜನ ನಿಧಿಗೆ ಒಪ್ಪಿಸಿದ ಸ್ವತಂತ್ರ ಮನೋಭಾವದ ಮಹಿಳೆ ಅವರು. ಅಂಥವರ ಸ್ವಂತ ಹೆಸರಿನ ಒಂದಕ್ಷರವೂ ಆ ಸಹಿಯಲ್ಲಿರಲಿಲ್ಲ. 1939ರಲ್ಲಿ ಇನ್ನೂ ಇಪ್ಪತ್ತೇಳರ ಪ್ರಾಯದಲ್ಲಿ ಅವರು ನೀರಿನ ಸುಳಿಗೆ ಸಿಕ್ಕಿ ತೀರಿಕೊಂಡರು. ‘ಕಂಬನಿ’ ಮತ್ತು ‘ಚಿಗುರು’ ಅವರ ಕಥಾಸಂಕಲನಗಳು. ಇಂದು ಓದುಗರು ಅವರನ್ನು ಬಲ್ಲದ್ದು ‘ಕೊಡಗಿನ ಗೌರಮ್ಮ’ ಎಂಬ ಹೆಸರಿನಿಂದ. ಸ್ವಂತ ಹೆಸರು, ಅದರ ಹಿಂದೆ ಹುಟ್ಟಿದ ನಾಡಿನ ಹೆಸರು.

ಕನ್ನಡದ ‘ಶ್ರೀಮತಿ’ ಎಂಬ ಉಪಾಧಿಯನ್ನು ‘ಮಿಸೆಸ್’ ಪದದ ಅನುವಾದವೆಂದು ತಿಳಿಯುವುದುಂಟು. ಇವುಗಳ ನಡುವೆ ಒಂದು ಮುಖ್ಯ ವ್ಯತ್ಯಾಸವಿದೆ. ‘ಶ್ರೀಮತಿ’ ಎಂದರೆ ಸಿರಿಯುಳ್ಳವಳು ಎಂದರ್ಥ. ಅದು ಮಹಿಳೆಯ ಸ್ವಂತ ಹೆಸರಿಗೆ ಅಂಟಿಕೊಳ್ಳುತ್ತದೆ. ‘ಶ್ರೀಮತಿ ಗೌರಮ್ಮನವರು’ ಎಂಬಲ್ಲಿ ಗೌರಮ್ಮ ಉಳಿಯುತ್ತಾರೆ. ‘ಮಿಸೆಸ್ ಕೃಷ್ಣ’ ಎಂಬಲ್ಲಿ ಉಳಿಯುವುದಿಲ್ಲ. ವಿವಾಹಿತೆಯರಿಗೆ ‘ಶ್ರೀಮತಿ’, ಅವಿವಾಹಿತೆಯರಿಗೆ ‘ಕುಮಾರಿ’ ಎಂಬ ವಿಭಾಗ ಮಾತ್ರ ಎರಡೂ ಭಾಷೆಗಳಿಗೆ ಸಮಾನವಾಗಿದೆ. ಲಗ್ನಪತ್ರಿಕೆಗಳಲ್ಲಿ ಇಂದಿಗೂ ಕಾಣುವ ‘ಚಿ. ಸೌ.’ ಎಂಬುದು ‘ಚಿರಂಜೀವಿ ಸೌಭಾಗ್ಯವತಿ’ ಎಂಬುದರ ಸಂಕ್ಷೇಪ. ಉತ್ತರ ಕರ್ನಾಟಕದ ಹಳೆಯ ಕಾಗದಪತ್ರಗಳಲ್ಲಿ ವಿಧವೆಯರ ಹೆಸರಿಗೆ ‘ಗಂ. ಭಾ.’, ಅಂದರೆ ‘ಗಂಗಾ ಭಾಗೀರಥಿ’ ಎಂದು ಸೇರಿಸುತ್ತಿದ್ದರು. ಹೆಸರು ಓದುವ ಮೊದಲೇ ಆಕೆಗೆ ಪತಿ ಇದ್ದಾನೆಯೇ ಇಲ್ಲವೇ ಎಂಬುದನ್ನು ತಿಳಿಸುವುದರಲ್ಲಿ ಯಾವ ಭಾಷೆಯೂ ಹಿಂದೆ ಬಿದ್ದಿಲ್ಲ.

== ಕೊಡಗಿನಲ್ಲಿ ಬಳಕೆ ==

=== ಇಂಗ್ಲಿಷಿನ ಪ್ರವೇಶ ===

ಹಾಲೇರಿ ವಂಶದ ಕೊನೆಯ ಅರಸ ಚಿಕ್ಕವೀರರಾಜೇಂದ್ರನನ್ನು 1834ರಲ್ಲಿ ಪದಚ್ಯುತಗೊಳಿಸಿ ಈಸ್ಟ್ ಇಂಡಿಯಾ ಕಂಪನಿ ಕೊಡಗನ್ನು ವಶಪಡಿಸಿಕೊಂಡಿತು. ಆತನ ಮಗಳು ಗೌರಮ್ಮ ತಂದೆಯೊಡನೆ 1852ರಲ್ಲಿ ಇಂಗ್ಲೆಂಡಿಗೆ ಹೋಗಿ, ವಿಕ್ಟೋರಿಯಾ ರಾಣಿಯ ಸಮ್ಮುಖದಲ್ಲಿ ಕ್ರೈಸ್ತ ಧರ್ಮವನ್ನು ಸ್ವೀಕರಿಸಿ, ‘ಪ್ರಿನ್ಸೆಸ್ ವಿಕ್ಟೋರಿಯಾ ಗೌರಮ್ಮ’ ಎನಿಸಿಕೊಂಡಳು. ಹೆಸರಿನ ಕೊನೆಯಲ್ಲಿಯೇ ‘ಅಮ್ಮ’ ಎಂಬ ಗೌರವಪದವನ್ನು ಹೊತ್ತಿದ್ದ ಕೊಡಗಿನ ಹೆಣ್ಣುಮಗಳೊಬ್ಬಳು ಹೆಸರಿನ ಮೊದಲಿಗೂ ಇಂಗ್ಲಿಷ್ ಗೌರವಪದವನ್ನು ಪಡೆದ ಆರಂಭದ ಉದಾಹರಣೆಗಳಲ್ಲಿ ಇದೊಂದು.

19ನೆಯ ಶತಮಾನದ ನಡುಭಾಗದಿಂದ ಯುರೋಪಿಯನ್ನರು ಕಾಫಿ ತೋಟಗಳನ್ನು ತೆರೆದರು. ಬಾಸೆಲ್ ಮಿಷನ್ನಿನ ಹರ್ಮನ್ ಮೋಗ್ಲಿಂಗ್ 1853ರಲ್ಲಿ ಕೊಡಗಿಗೆ ಬಂದರು. ಅದೇ ಮಿಷನ್ನಿನ ಜಿ. ರಿಕ್ಟರ್ ಮಡಿಕೇರಿಯ ಸರ್ಕಾರಿ ಶಾಲೆಯ ಮುಖ್ಯಸ್ಥರಾಗಿದ್ದು, 1870ರಲ್ಲಿ ಕೊಡಗಿನ ಕುರಿತು ಇಂಗ್ಲಿಷಿನಲ್ಲಿ ಕೈಪಿಡಿಯೊಂದನ್ನು ಪ್ರಕಟಿಸಿದರು. ತೋಟದ ಬಿಳಿಯ ಮಾಲೀಕ ಕೆಲಸಗಾರರ ಬಾಯಲ್ಲಿ ‘ದೊರೆ’ಯಾದರೆ ಆತನ ಪತ್ನಿ ‘ದೊರೆಸಾನಿ’ಯಾದಳು. ಉತ್ತರ ಭಾರತದಲ್ಲಿ ಅಂತಹವಳನ್ನು ‘ಮ್ಯಾಮ್’ ಮತ್ತು ‘ಸಾಹಿಬ್’ ಎರಡನ್ನೂ ಕೂಡಿಸಿ ‘ಮೇಮ್‌ಸಾಹಿಬ್’ ಎಂದರು. ಕಾನ್ವೆಂಟ್ ಶಾಲೆಗಳು ‘ಸಿಸ್ಟರ್’, ‘ಮದರ್’, ‘ಮಿಸ್’ ಎಂಬ ಪದಗಳನ್ನು ಮಕ್ಕಳ ಬಾಯಿಗೆ ತಂದವು. ಸೈನ್ಯದ ಅಧಿಕಾರಿಗಳ ಕುಟುಂಬಗಳು ‘ಮ್ಯಾಮ್’ ಎಂಬುದನ್ನು ರೂಢಿಸಿದವು. 1956ರ ನವೆಂಬರ್ 1ರಂದು ಕೊಡಗು ಮೈಸೂರು ರಾಜ್ಯದಲ್ಲಿ ವಿಲೀನವಾಗುವ ವೇಳೆಗೆ ಈ ಪದಗಳು ಇಲ್ಲಿ ಬೇರೂರಿದ್ದವು.

=== ಸ್ಥಳೀಯ ಗೌರವಪದಗಳು ===

ಕೊಡವ ಭಾಷೆಯಲ್ಲಿ ‘ಅವ್ವ’ ಎಂದರೆ ತಾಯಿ, ‘ತಾಯಿ’ ಎಂದರೆ ಅಜ್ಜಿ, ‘ಮಾವಿ’ ಎಂದರೆ ಸೋದರತ್ತೆ ಅಥವಾ ಅತ್ತೆ. ಕನ್ನಡದಲ್ಲಿ ತಾಯಿಯನ್ನು ಸೂಚಿಸುವ ಪದ ಕೊಡವ ಮನೆಯಲ್ಲಿ ಅಜ್ಜಿಯನ್ನು ಸೂಚಿಸುವುದು ಹೊರಗಿನವರಿಗೆ ಗೊಂದಲ ತರಬಹುದು. ಕೊಡವ ಹೆಂಗಸರ ಸಾಂಪ್ರದಾಯಿಕ ಹೆಸರುಗಳಲ್ಲಿ ಹಲವು ‘ಅವ್ವ’ ಅಥವಾ ‘ಅಮ್ಮ’ ಎಂದು ಕೊನೆಗೊಳ್ಳುತ್ತವೆ: ಪೊನ್ನವ್ವ, ದೇಚವ್ವ, ಮುದ್ದವ್ವ, ಕಾವೇರಮ್ಮ. ಗಂಡಸರ ಹೆಸರುಗಳು ಹೀಗೆಯೇ ಅಪ್ಪ, ಅಯ್ಯ, ಅಣ್ಣ ಎಂದು ಮುಗಿಯುತ್ತವೆ. ಇಂತಹ ಹೆಸರಿಗೆ ಪ್ರತ್ಯೇಕ ಉಪಾಧಿ ಬೇಕಿಲ್ಲ. ಪೂರ್ಣ ಹೆಸರನ್ನು ಉಚ್ಚರಿಸುವುದರಲ್ಲಿಯೇ ಗೌರವ ಅಡಕವಾಗಿದೆ. ಅದನ್ನು ಮೊಟಕುಗೊಳಿಸಿ ಕರೆಯುವುದು ಸಲುಗೆಯ ಗುರುತು.

ಅರೆಭಾಷೆ, ತುಳು, ಮಲಯಾಳ, ಬ್ಯಾರಿ, ಎರವ, ಕುರುಬ ಮೊದಲಾದ ನುಡಿಗಳನ್ನಾಡುವ ಸಮುದಾಯಗಳು ಒಟ್ಟಿಗೆ ಬಾಳುವ ಈ ಜಿಲ್ಲೆಯಲ್ಲಿ, ಸಂತೆಯಲ್ಲಿ ಮತ್ತು ಬಸ್ಸಿನಲ್ಲಿ ಎಲ್ಲರಿಗೂ ಅರ್ಥವಾಗುವ ಸಂಬೋಧನೆ ‘ಅಕ್ಕ’. ಕನ್ನಡದಲ್ಲಿ ಈ ಪದದ ಗೌರವ ಬಹಳ ಹಳೆಯದು. 12ನೆಯ ಶತಮಾನದ ವಚನಕಾರ್ತಿ ಮಹಾದೇವಿ ‘ಅಕ್ಕ’ನೆಂದೇ ಪ್ರಸಿದ್ಧಳು. ಅಲ್ಲಿ ಅದು ವಯಸ್ಸಿನ ಹಿರಿತನವನ್ನಲ್ಲ, ಅರಿವಿನ ಹಿರಿತನವನ್ನು ಸೂಚಿಸುತ್ತದೆ.

=== ಮನೆತನದ ಹೆಸರು ಮತ್ತು ‘ಮಿಸೆಸ್’ ===

ಇಂಗ್ಲಿಷ್ ಪದ್ಧತಿಯಲ್ಲಿ ಮನೆತನದ ಹೆಸರು ಕೊನೆಯಲ್ಲಿ ಬರುತ್ತದೆ. ಮಿಸ್ಟರ್, ಮಿಸೆಸ್, ಮಿಜ್ ಎಲ್ಲವೂ ಆ ಕೊನೆಯ ಹೆಸರಿಗೆ ಸೇರುತ್ತವೆ. ಕೊಡವರಲ್ಲಿ ಒಕ್ಕದ ಹೆಸರು, ಅಂದರೆ ಮನೆಪೆದ, ಮೊದಲಲ್ಲಿ ಬರುತ್ತದೆ. ಫೀಲ್ಡ್ ಮಾರ್ಷಲ್ ಕೊಡಂದೇರ ಮಾದಪ್ಪ ಕಾರಿಯಪ್ಪ ಅವರ ಹೆಸರಿನಲ್ಲಿ ಕೊಡಂದೇರ ಒಕ್ಕದ ಹೆಸರು, ಮಾದಪ್ಪ ತಂದೆಯ ಹೆಸರು, ಕಾರಿಯಪ್ಪ ಸ್ವಂತ ಹೆಸರು. ‘ಜನರಲ್ ಕಾರಿಯಪ್ಪ’ ಎಂದಾಗ ಇಂಗ್ಲಿಷ್ ಉಪಾಧಿ ಮನೆತನದ ಹೆಸರಿಗೆ ಸೇರದೆ ಸ್ವಂತ ಹೆಸರಿಗೆ ಸೇರಿತು.

ಮಹಿಳೆಯರ ವಿಷಯದಲ್ಲಿ ತೊಡಕು ಇನ್ನೂ ಹೆಚ್ಚು. ಮದುವೆಯಾದ ಕೊಡವ ಮಹಿಳೆ ಪತಿಯ ಒಕ್ಕಕ್ಕೆ ಸೇರುತ್ತಾಳೆ. ಆದರೆ ದಾಖಲೆಗಳಲ್ಲಿ ಆಕೆಯ ಹೆಸರಿನ ಕೊನೆಗೆ ಬರುವುದು ಅನೇಕ ವೇಳೆ ತಂದೆಯ ಅಥವಾ ಪತಿಯ ಸ್ವಂತ ಹೆಸರು. ವಿದೇಶಿ ಕಚೇರಿಯವರು ಆ ಕೊನೆಯ ಹೆಸರಿಗೆ ‘ಮಿಸೆಸ್’ ಸೇರಿಸಿದಾಗ, ತಂದೆಯ ಹೆಸರಿನ ಮುಂದೆ ‘ಮಿಸೆಸ್’ ಬಂದು ಅರ್ಥ ತಪ್ಪುತ್ತದೆ. ಕರ್ನಾಟಕದ ಇತರೆಡೆಗಳಲ್ಲಿ ಹೆಸರಿನ ಜೊತೆಗೆ ಇನಿಶಿಯಲ್ ಮಾತ್ರ ಇರುವವರಿಗೂ ಇದೇ ಸಮಸ್ಯೆ ಎದುರಾಗುತ್ತದೆ. ಇಂತಹ ಸಂದರ್ಭದಲ್ಲಿ ‘ಮಿಜ್’ ಬಳಸುವುದು ಕ್ಷೇಮಕರ. ಕೊನೆಯ ಹೆಸರು ತಂದೆಯದಾಗಿರಲಿ, ಪತಿಯದಾಗಿರಲಿ, ಅರ್ಥ ಕೆಡುವುದಿಲ್ಲ.

ಭಾರತೀಯ ಇಂಗ್ಲಿಷಿನಲ್ಲಿ ‘ಮಿಸೆಸ್ ಪೊನ್ನವ್ವ’, ‘ಸೀತಾ ಮೇಡಂ’ ಎಂದು ಉಪಾಧಿಯನ್ನು ಸ್ವಂತ ಹೆಸರಿಗೆ ಸೇರಿಸುವುದು ಸಾಮಾನ್ಯ. ಬ್ರಿಟಿಷ್ ನಿಯಮದ ಪ್ರಕಾರ ಇದು ದೋಷವೆನಿಸಿದರೂ, ಮನೆತನದ ಹೆಸರು ಕೊನೆಯಲ್ಲಿ ಬಾರದ ಸಮಾಜದಲ್ಲಿ ಇದೇ ಸರಿಯಾದ ಹೊಂದಾಣಿಕೆ. ‘ಶ್ರೀಮತಿ’ ಪದದ ರೂಢಿಯನ್ನೇ ಜನ ಇಂಗ್ಲಿಷಿಗೂ ಅನ್ವಯಿಸಿಕೊಂಡಿದ್ದಾರೆ.

== ಸಂದರ್ಭಾನುಸಾರ ಬಳಕೆ ==

=== ಅಪರಿಚಿತರೊಡನೆ ===

ದಾರಿಯಲ್ಲಿ ಅಥವಾ ಅಂಗಡಿಯಲ್ಲಿ ಅಪರಿಚಿತ ಮಹಿಳೆಯ ಗಮನ ಸೆಳೆಯಲು ಬ್ರಿಟನ್ನಿನಲ್ಲಿ ‘ಎಕ್ಸ್‌ಕ್ಯೂಸ್ ಮಿ’ ಎಂಬುದಷ್ಟೇ ಸಾಕು. ಯಾವ ಸಂಬೋಧನೆಯೂ ಬೇಕಿಲ್ಲ. ಅಲ್ಲಿ ‘ಮೇಡಂ’ ಎಂಬುದು ದೊಡ್ಡ ಅಂಗಡಿ, ಹೋಟೆಲುಗಳ ಸಿಬ್ಬಂದಿಯ ಮಾತು. ‘ಮ್ಯಾಮ್’ ಎಂಬುದು ಅಲ್ಲಿ ಪೊಲೀಸ್, ಸೈನ್ಯ ಮತ್ತು ರಾಜಮನೆತನಕ್ಕೆ ಸೀಮಿತ. ರಾಣಿಯನ್ನು ಭೇಟಿಯಾದವರು ಮೊದಲ ಸಲ ‘ಯುವರ್ ಮೆಜೆಸ್ಟಿ’ ಎಂದು, ಅನಂತರ ‘ಮ್ಯಾಮ್’ ಎಂದು ಕರೆಯುವುದು ಪದ್ಧತಿ. ಅಮೆರಿಕದ ದಕ್ಷಿಣದ ರಾಜ್ಯಗಳಲ್ಲಿ ‘ಮ್ಯಾಮ್’ ದಿನಬಳಕೆಯ ವಿನಯ. ಮಕ್ಕಳು ತಾಯಿಗೂ ‘ಎಸ್ ಮ್ಯಾಮ್’ ಎನ್ನುವುದುಂಟು. ಅದೇ ದೇಶದ ಬೇರೆ ಭಾಗಗಳಲ್ಲಿ ಕೆಲವು ಮಹಿಳೆಯರಿಗೆ ಅದು ತಮ್ಮ ವಯಸ್ಸನ್ನು ನೆನಪಿಸುವ ಮಾತಾಗಿ ಕೇಳಿಸುತ್ತದೆ.

=== ಆಂಟಿ ಮತ್ತು ಸಿಸ್ಟರ್ ===

ತಾಯಿಯ ಗೆಳತಿಯರನ್ನು, ನೆರೆಮನೆಯವರನ್ನು ‘ಆಂಟಿ’ ಎಂದು ಕರೆಯುವುದು ಭಾರತದಾದ್ಯಂತ ಇರುವಂತೆ ಕೊಡಗಿನಲ್ಲಿಯೂ ಇದೆ. ಪ್ರವಾಸಿಗರು ಹೋಂಸ್ಟೇ ನಡೆಸುವ ಮನೆಯೊಡತಿಯನ್ನೂ ಹೀಗೆಯೇ ಕರೆಯುತ್ತಾರೆ. ಮಕ್ಕಳು ಹಿರಿಯರಿಗೆ ಬಳಸಿದಾಗ ಇದು ಬಂಧುವಾಚಕದ ಗೌರವ. ಹೆಚ್ಚು ಕಡಿಮೆ ಸಮವಯಸ್ಕರು ಬಳಸಿದಾಗ ಹಂಗಿಸುವ ಮಾತಾಗುತ್ತದೆ. ವಿದೇಶೀಯರಿಗೆ ರಕ್ತಸಂಬಂಧವಿಲ್ಲದವರಿಂದ ಈ ಸಂಬೋಧನೆ ಅಚ್ಚರಿ ತರುತ್ತದೆ. ‘ಸಿಸ್ಟರ್’ ಎಂಬುದು ಆಸ್ಪತ್ರೆಯ ದಾದಿಯರಿಗೆ ಮತ್ತು ಕ್ರೈಸ್ತ ಸನ್ಯಾಸಿನಿಯರಿಗೆ ಸಲ್ಲುತ್ತದೆ.

=== ಶಾಲೆ ===

ಇಂಗ್ಲೆಂಡಿನ ಶಾಲೆಗಳಲ್ಲಿ ಶಿಕ್ಷಕಿಯರು ವಿವಾಹಿತೆಯರಾದರೂ ‘ಮಿಸ್’, ಶಿಕ್ಷಕರು ‘ಸರ್’. ಭಾರತದ ಇಂಗ್ಲಿಷ್ ಮಾಧ್ಯಮ ಶಾಲೆಗಳಿಗೆ ಇದು ಹಾಗೆಯೇ ಬಂದಿದೆ. ಕನ್ನಡ ಶಾಲೆಗಳಲ್ಲಿ ‘ಟೀಚರ್’, ‘ಮೇಡಂ’, ಉತ್ತರ ಕರ್ನಾಟಕದಲ್ಲಿ ‘ಅಕ್ಕೋರು’ ಬಳಕೆಯಲ್ಲಿವೆ. ಕೊಡಗಿನ ನೆರೆಯ ಕೇರಳದಲ್ಲಿ ರಾಜ್ಯದ ಮಕ್ಕಳ ಹಕ್ಕುಗಳ ರಕ್ಷಣಾ ಆಯೋಗವು 2023ರ ಜನವರಿಯಲ್ಲಿ, ಶಿಕ್ಷಕ ಶಿಕ್ಷಕಿಯರಿಬ್ಬರನ್ನೂ ‘ಸರ್’, ‘ಮೇಡಂ’ ಎನ್ನದೆ ‘ಟೀಚರ್’ ಎಂದೇ ಕರೆಯಬೇಕೆಂದು ಸೂಚಿಸಿತು. ಅದಕ್ಕೂ ಮೊದಲು, 2021ರಲ್ಲಿ, ಪಾಲಕ್ಕಾಡ್ ಜಿಲ್ಲೆಯ ಮಾತ್ತೂರು ಗ್ರಾಮ ಪಂಚಾಯಿತಿ ತನ್ನ ಕಚೇರಿಯಲ್ಲಿ ‘ಸರ್’, ‘ಮೇಡಂ’ ಪದಗಳನ್ನು ಕೈಬಿಡಲು ನಿರ್ಣಯಿಸಿತ್ತು.

=== ಪತ್ರವ್ಯವಹಾರ ===

* ಹೆಸರು ತಿಳಿಯದ ಅಧಿಕಾರಿಗೆ: ‘ಡಿಯರ್ ಮೇಡಂ’, ಸ್ತ್ರೀಯೋ ಪುರುಷನೋ ತಿಳಿಯದಿದ್ದರೆ ‘ಡಿಯರ್ ಸರ್ ಆರ್ ಮೇಡಂ’. ಮುಕ್ತಾಯ ‘ಯುವರ್ಸ್ ಫೇಯ್ತ್‌ಫುಲಿ’.
* ಹೆಸರು ತಿಳಿದಿದ್ದರೆ: ‘ಡಿಯರ್ ಮಿಜ್’ ಎಂದು ಬರೆದು ಕೊನೆಯ ಹೆಸರು. ಮುಕ್ತಾಯ ‘ಯುವರ್ಸ್ ಸಿನ್ಸಿಯರ್ಲಿ’.
* ವಿದ್ಯೆಯ ಅಥವಾ ಹುದ್ದೆಯ ಉಪಾಧಿ ಇದ್ದರೆ: ಡಾಕ್ಟರ್, ಪ್ರೊಫೆಸರ್, ಮೇಜರ್ ಮೊದಲಾದವನ್ನೇ ಬಳಸಬೇಕು. ಪುರುಷ ಸಹೋದ್ಯೋಗಿಯನ್ನು ‘ಡಾಕ್ಟರ್’ ಎಂದು, ಅದೇ ವಿದ್ಯೆಯುಳ್ಳ ಮಹಿಳೆಯನ್ನು ‘ಮಿಸೆಸ್’ ಎಂದು ಬರೆಯುವುದು ಅವಿನಯ.
* ಆಕೆಯೇ ತನ್ನ ಸಹಿಯಲ್ಲಿ ‘ಮಿಸ್’ ಅಥವಾ ‘ಮಿಸೆಸ್’ ಎಂದು ಬರೆದಿದ್ದರೆ: ಅದನ್ನೇ ಅನುಸರಿಸಬೇಕು.

‘ಡಿಯರ್’ ಎಂಬುದು ಪತ್ರದಲ್ಲಿ ಕೇವಲ ಔಪಚಾರಿಕ; ಅದರಲ್ಲಿ ಸಲುಗೆಯ ಅರ್ಥವಿಲ್ಲ. ಭಾರತೀಯ ಅರ್ಜಿಗಳಲ್ಲಿ ಕಾಣುವ ‘ರೆಸ್ಪೆಕ್ಟೆಡ್ ಮೇಡಂ’ ಎಂಬುದು ‘ಮಾನ್ಯರೇ’ ಎಂಬುದರ ಛಾಯೆಯಲ್ಲಿ ಹುಟ್ಟಿದ್ದು. ನಮ್ಮ ಕಚೇರಿಗಳಲ್ಲಿ ಅದು ಸ್ವೀಕೃತ. ಹೊರದೇಶಗಳ ಪತ್ರವ್ಯವಹಾರದಲ್ಲಿ ರೂಢಿಯಿಲ್ಲ. ಮಾತಿನಲ್ಲಿ ಮಾತ್ರ, ಪರಿಚಯವಿಲ್ಲದ ಮಹಿಳೆಯನ್ನು ‘ಡಿಯರ್’ ಎನ್ನುವುದು ಸಲ್ಲದು.

=== ಸದನ ಮತ್ತು ನ್ಯಾಯಾಲಯ ===

ಮೀರಾ ಕುಮಾರ್ 2009ರಲ್ಲಿ ಲೋಕಸಭೆಯ ಮೊದಲ ಮಹಿಳಾ ಅಧ್ಯಕ್ಷರಾದಾಗ ಅಲ್ಲಿನ ಇಂಗ್ಲಿಷ್ ಸಂಬೋಧನೆ ‘ಮೇಡಂ ಸ್ಪೀಕರ್’ ಆಯಿತು. ಕರ್ನಾಟಕದಲ್ಲಿ ಕೆ.ಎಸ್. ನಾಗರತ್ನಮ್ಮ 1972ರಲ್ಲಿಯೇ ವಿಧಾನಸಭೆಯ ಅಧ್ಯಕ್ಷರಾಗಿದ್ದರು. ಕನ್ನಡದ ‘ಸಭಾಧ್ಯಕ್ಷರೇ’ ಎಂಬ ಬಹುವಚನ ರೂಪ ಸ್ತ್ರೀಪುರುಷರಿಬ್ಬರಿಗೂ ಒಂದೇ ಆದ್ದರಿಂದ ಬದಲಾವಣೆಯ ಅಗತ್ಯ ಬೀಳುವುದಿಲ್ಲ.

ನ್ಯಾಯಾಲಯಗಳಲ್ಲಿ ಬ್ರಿಟಿಷರ ಕಾಲದ ‘ಮೈ ಲಾರ್ಡ್’ ಎಂಬ ಸಂಬೋಧನೆಗೆ ಬದಲಾಗಿ ಬೇರೆ ಪದಗಳನ್ನು ಬಳಸಲು ಭಾರತೀಯ ವಕೀಲರ ಪರಿಷತ್ತು 2006ರಲ್ಲಿ ನಿಯಮ ರೂಪಿಸಿತು. ಆದರೂ ಹಳೆಯ ರೂಢಿ ಬಿಡಲಿಲ್ಲ; ಮಹಿಳಾ ನ್ಯಾಯಮೂರ್ತಿಗಳೂ ‘ಲಾರ್ಡ್‌ಶಿಪ್’ ಎನಿಸಿಕೊಳ್ಳುವುದಿತ್ತು. ಕರ್ನಾಟಕ ಹೈಕೋರ್ಟಿನ ನ್ಯಾಯಮೂರ್ತಿ ಜ್ಯೋತಿ ಮೂಲಿಮನಿ 2021ರ ಜೂನ್‌ನಲ್ಲಿ ತಮ್ಮನ್ನು ‘ಮ್ಯಾಮ್’ ಎಂದು ಕರೆದರೆ ಸಾಕೆಂದು ವಕೀಲರಿಗೆ ತಿಳಿಸಿದರು.

== ಸಂಬೋಧನೆ ಮತ್ತು ಘನತೆ ==

ಒಂದು ಚಿಕ್ಕ ಉಪಾಧಿ ಮನುಷ್ಯ ಘನತೆಯ ಪ್ರಶ್ನೆಯಾಗಬಲ್ಲದು ಎಂಬುದಕ್ಕೆ ಅಮೆರಿಕದ ಮೇರಿ ಹ್ಯಾಮಿಲ್ಟನ್ ಪ್ರಕರಣ ಹೆಸರಾಗಿದೆ. ಅಲಬಾಮ ರಾಜ್ಯದ ನ್ಯಾಯಾಲಯಗಳಲ್ಲಿ ಬಿಳಿಯ ಮಹಿಳೆಯರನ್ನು ‘ಮಿಸ್’ ಅಥವಾ ‘ಮಿಸೆಸ್’ ಎಂದೂ ಕಪ್ಪು ಮಹಿಳೆಯರನ್ನು ಬರಿಯ ಮೊದಲ ಹೆಸರಿನಿಂದಲೂ ಕರೆಯುವ ವಾಡಿಕೆಯಿತ್ತು. 1963ರಲ್ಲಿ ನಾಗರಿಕ ಹಕ್ಕುಗಳ ಹೋರಾಟಗಾರ್ತಿ ಹ್ಯಾಮಿಲ್ಟನ್, ಸರ್ಕಾರಿ ವಕೀಲರು ತಮ್ಮನ್ನು ‘ಮೇರಿ’ ಎಂದು ಕರೆದಾಗ ಉತ್ತರಿಸಲು ಒಪ್ಪಲಿಲ್ಲ; ‘ಮಿಸ್ ಹ್ಯಾಮಿಲ್ಟನ್’ ಎಂದು ಕರೆಯಬೇಕೆಂದರು. ನ್ಯಾಯಾಂಗ ನಿಂದನೆಯೆಂದು ಅವರಿಗೆ 50 ಡಾಲರ್ ದಂಡ ಮತ್ತು ಐದು ದಿನಗಳ ಸೆರೆವಾಸ ವಿಧಿಸಲಾಯಿತು. 1964ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಆ ತೀರ್ಪನ್ನು ರದ್ದುಗೊಳಿಸಿತು.

ಭಾರತದಲ್ಲಿ ಕಲ್ಕತ್ತಾ ಹೈಕೋರ್ಟ್ 2024ರಲ್ಲಿ, ಅಪರಿಚಿತ ಮಹಿಳೆಯನ್ನು ‘ಡಾರ್ಲಿಂಗ್’ ಎಂದು ಕರೆಯುವುದು ಅವಮಾನಕರವೆಂದೂ ಭಾರತೀಯ ದಂಡ ಸಂಹಿತೆಯ 354ಎ ಕಲಮಿನಡಿ ಲೈಂಗಿಕ ಕಿರುಕುಳದ ಅಪರಾಧವೆಂದೂ ಅಭಿಪ್ರಾಯಪಟ್ಟಿತು. ಆ ಪ್ರಕರಣದಲ್ಲಿ ಹೀಗೆ ಕರೆಸಿಕೊಂಡವರು ಕರ್ತವ್ಯದಲ್ಲಿದ್ದ ಮಹಿಳಾ ಪೊಲೀಸ್ ಸಿಬ್ಬಂದಿ. ಸುಪ್ರೀಂ ಕೋರ್ಟ್ 2023ರ ಆಗಸ್ಟ್‌ನಲ್ಲಿ ಹೊರತಂದ ಕೈಪಿಡಿ, ಮಹಿಳೆಯರ ಕುರಿತ ಪೂರ್ವಗ್ರಹದ ಪದಗಳನ್ನು ಪಟ್ಟಿಮಾಡಿ ಬದಲಿ ಪದಗಳನ್ನು ಸೂಚಿಸಿದೆ. ‘ಹೌಸ್‌ವೈಫ್’ ಎಂಬುದರ ಬದಲಿಗೆ ‘ಹೋಮ್‌ಮೇಕರ್’ ಎಂಬುದು ಅವುಗಳಲ್ಲಿ ಒಂದು.

ವಿವಾಹಭೇದವನ್ನು ಸಂಬೋಧನೆಯಿಂದ ಕೈಬಿಡುವ ಪ್ರಯತ್ನ ಇಂಗ್ಲಿಷಿಗೆ ಮಾತ್ರ ಸೀಮಿತವಲ್ಲ. ಅವಿವಾಹಿತೆಯರಿಗೆ ಸಲ್ಲುತ್ತಿದ್ದ ‘ಫ್ರಾಯ್ಲೈನ್’ ಎಂಬ ಪದವನ್ನು ಪಶ್ಚಿಮ ಜರ್ಮನಿ 1972ರಲ್ಲಿ ಸರ್ಕಾರಿ ಬಳಕೆಯಿಂದ ಕೈಬಿಟ್ಟಿತು. ಫ್ರಾನ್ಸ್ 2012ರಲ್ಲಿ ‘ಮಾದ್‌ಮ್ವಾಜೆಲ್’ ಎಂಬುದನ್ನು ಸರ್ಕಾರಿ ಅರ್ಜಿನಮೂನೆಗಳಿಂದ ತೆಗೆಯಿತು.

== ಸಾಮಾನ್ಯ ತಪ್ಪುಗಳು ==

* ‘ಮಿಜ್’ ಎಂಬುದು ವಿಚ್ಛೇದಿತೆಯರಿಗೆ ಮಾತ್ರ ಎಂದು ಭಾವಿಸುವುದು. ಅದು ಪ್ರಾಯಕ್ಕೆ ಬಂದ ಎಲ್ಲ ಮಹಿಳೆಯರಿಗೂ ಸಲ್ಲುತ್ತದೆ.
* ‘ಮೈ ಮಿಸೆಸ್’ ಎಂದು ಪತ್ನಿಯನ್ನು ಪರಿಚಯಿಸುವುದು. ಔಪಚಾರಿಕ ಸಂದರ್ಭದಲ್ಲಿ ‘ಮೈ ವೈಫ್’ ಎಂದು ಹೇಳಿ ಆಕೆಯ ಹೆಸರನ್ನು ತಿಳಿಸುವುದು ಉಚಿತ.
* ಕರೆಯುವಾಗ ‘ಮಿಸೆಸ್’ ಎಂದು ಹೆಸರಿಲ್ಲದೆ ಒಂಟಿಯಾಗಿ ಬಳಸುವುದು. ಅದರ ಮುಂದೆ ಹೆಸರು ಇರಲೇಬೇಕು.
* ಬ್ರಿಟನ್ನಿನಲ್ಲಿ ಶಸ್ತ್ರವೈದ್ಯೆಯನ್ನು ‘ಮಿಸ್’ ಎಂದು ಕರೆಯುವುದನ್ನು ಕೇಳಿ ಅಗೌರವವೆಂದು ತಿಳಿಯುವುದು. ಅಲ್ಲಿ ಶಸ್ತ್ರವೈದ್ಯರು ‘ಡಾಕ್ಟರ್’ ಬಿಟ್ಟು ಮಿಸ್ಟರ್, ಮಿಸ್, ಮಿಸೆಸ್ ಅಥವಾ ಮಿಜ್ ಎನಿಸಿಕೊಳ್ಳುವುದು ಹಳೆಯ ಸಂಪ್ರದಾಯ.
* ಕಚೇರಿಯ ಸಭೆಯಲ್ಲಿ ಪುರುಷರನ್ನು ‘ಸರ್’ ಎಂದು, ಅದೇ ದರ್ಜೆಯ ಮಹಿಳೆಯನ್ನು ‘ಅಮ್ಮ’ ಅಥವಾ ‘ಆಂಟಿ’ ಎಂದು ಕರೆಯುವುದು. ಬಂಧುವಾಚಕ ಪ್ರೀತಿಯದಾದರೂ ಅಲ್ಲಿ ಅದು ಹುದ್ದೆಯ ಸಮಾನತೆಯನ್ನು ಮರೆಸುತ್ತದೆ.

== ಇವನ್ನೂ ನೋಡಿ ==

* ಕೊಡಗಿನ ಗೌರಮ್ಮ
* ಕೊಡವ ಭಾಷೆ
* ಕನ್ನಡ ವ್ಯಾಕರಣ
* ಅಕ್ಕಮಹಾದೇವಿ